ಪ್ಲಾಟಿನಂ ಅಂದ್ರೆ ಮನ್ನಾ ಅಲ್ಲ

ಮ್ಯಾರಿಯಟ್ ಹೋಟೆಲ್‌ಗಳಲ್ಲಿ ವರ್ಷಕ್ಕೆ 25 ರಾತ್ರಿ ತಂಗಿದರೆ ಗೋಲ್ಡ್ ಮೆಂಬರ್, 50 ಆದರೆ ಪ್ಲಾಟಿನಂ. ತಡವಾಗಿ ಚೆಕ್‌ಔಟ್ ಮಾಡಬಹುದು, ಖಾಲಿ ಇದ್ರೆ ದೊಡ್ಡ ರೂಮೂ ಸಿಗುತ್ತೆ. ಆದರೆ ಬುಕಿಂಗ್ ರದ್ದಾದರೆ ಶುಲ್ಕ ಮನ್ನಾ ಅನ್ನೋದು ಆ ಸವಲತ್ತುಗಳ ಪಟ್ಟಿಯಲ್ಲಿಲ್ಲ.

ನನ್ನ ಹತ್ರ ಇದ್ದದ್ದು ಬೇರೊಂದು ಕಂಪನಿಯ ಕಾರ್ಡು. ಮುಂಬೈನಲ್ಲಿ ಎರಡು ರಾತ್ರಿಗೆ ರೂಮು ಬುಕ್ ಮಾಡಿದ್ದೆ, ಅಗ್ಗ ಅಂತ ನಾನ್-ರಿಫಂಡಬಲ್ ದರದಲ್ಲಿ. ಹೊರಡೋ ಹಿಂದಿನ ದಿನ ಅಪ್ಪ ಐಸಿಯು ಸೇರಿದರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ನಾನು ಯಾರು ಗೊತ್ತಾ ಅನ್ನೋ ಧಾಟಿಯಲ್ಲಿ ಮೆಂಬರ್‌ಶಿಪ್ ನಂಬರ್ ಹೇಳಿದೆ. "ರೂಲ್ಸ್‌ನಲ್ಲಿಲ್ಲ ಸರ್" ಅಂದ್ರು.

ಬೋರ್ಡು ದೊಡ್ಡ ಕಂಪನಿಯದ್ದಾದರೂ ಎಷ್ಟೋ ಹೋಟೆಲ್‌ಗಳ ಮಾಲೀಕರೇ ಬೇರೆ. ರೂಮು ಖಾಲಿ ಉಳಿದರೆ ನಷ್ಟ ಅವರದ್ದು. ಹಾಗಾಗಿ ಬಿಟ್ಟುಕೊಡೋ ಅಧಿಕಾರ ಸಾಮಾನ್ಯವಾಗಿ ಅಲ್ಲಿನ ಮ್ಯಾನೇಜರ್ ಕೈಯಲ್ಲೇ ಇರುತ್ತೆ. ನೇರವಾಗಿ ಅವರಿಗೇ ಫೋನ್ ಮಾಡಿದೆ. ಕಾರ್ಡಿನ ಮಾತೇ ಎತ್ತಲಿಲ್ಲ, ಅಪ್ಪನ ವಿಷಯ ಹೇಳಿದೆ. ದುಡ್ಡು ವಾಪಸ್ ಕೇಳದೆ, ದಿನಾಂಕ ಮುಂದಕ್ಕೆ ಹಾಕಿಕೊಡ್ತೀರಾ ಅಂದೆ. ಒಪ್ಪಿದರು. ಅಪ್ಪ ಹೇಗಿದ್ದಾರೆ ಅಂತಲೂ ಕೇಳಿದರು. ಮೊದಲ ಫೋನಿನಲ್ಲಿ ನಾನೇ ಆ ವಿಷಯ ಹೇಳಿರಲಿಲ್ಲ, ನೋಡಿ!

ಬುಕಿಂಗ್ ಆ್ಯಪ್ ಮೂಲಕ ಆಗಿದ್ರೆ, ಹೋಟೆಲ್‌ನವರು ಒಪ್ಪಿದ ಮೇಲೂ ಆ್ಯಪ್‌ನವರಿಗೆ ಹೇಳಬೇಕಾಗುತ್ತೆ. ಒಪ್ಪಿದವರ ಹೆಸರು ಬರೆದಿಟ್ಟುಕೊಳ್ಳಿ.