ಶಾಲೆಯ ಅಂಗಳದಲ್ಲೇ ವಿಜ್ಞಾನ

(ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯಲ್ಲಿ ನೀಡಿದ ಉಪನ್ಯಾಸ)



ಕರ್ನಾಟಕದ ಪ್ರಾಥಮಿಕ ಶಾಲೆಗಳು ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆಯುವುದು ಮೇ ತಿಂಗಳ ಕೊನೆಗೆ. ಅದಾದ ವಾರಕ್ಕೆಲ್ಲ ಜೂನ್ 5, ವಿಶ್ವ ಪರಿಸರ ದಿನ. ನರ್ಸರಿಯಿಂದ ಸಸಿಗಳು ಬರುತ್ತವೆ, ಗುಂಡಿ ತೋಡುತ್ತಾರೆ, ಮುಖ್ಯ ಅತಿಥಿಗಳು ಒಂದು ಚೊಂಬು ನೀರು ಹೊಯ್ಯುತ್ತಾರೆ, ಮಕ್ಕಳು ಘೋಷಣೆ ಕೂಗುತ್ತಾರೆ. ಮಳೆಗಾಲ ಮುಗಿಯುವ ತನಕ ಸಸಿಗೆ ತೊಂದರೆಯಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಅದರ ಪರೀಕ್ಷೆ ಶುರು. ಮಕ್ಕಳ ಪರೀಕ್ಷೆಯೂ ಅದೇ ಹೊತ್ತಿಗೆ. ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬೀಳುತ್ತದೆ. ಮುಂದಿನ ಜೂನ್‌ನಲ್ಲಿ ಹೊಸ ಸಸಿಗೆ ಹಳೆಯ ಗುಂಡಿಯೇ ಸಿಕ್ಕಿಬಿಡುವುದುಂಟು.

ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಆದರೂ ಒಂದು ಮಾತು ಯೋಚಿಸಬೇಕಾದ್ದು. ಸತ್ತ ಸಸಿಯ ಮುಂದೆ ಮಕ್ಕಳನ್ನು ನಿಲ್ಲಿಸಿ, ಇದು ಏಕೆ ಸತ್ತಿತು ಎಂದು ಕೇಳುವ ಶಾಲೆಗಳೆಷ್ಟು? ನೀರು ಸಾಲದೆ ಹೋಯಿತೇ, ಮೇಕೆ ಮೇಯಿತೇ, ಗೆದ್ದಲು ಹಿಡಿಯಿತೇ, ಗುಂಡಿಯ ಅಡಿಯಲ್ಲಿ ಬಂಡೆ ಸಿಕ್ಕಿತೇ? ಹೀಗೆ ಕೇಳಿ, ಅಗೆದು ನೋಡಿ, ಒಂದೊಂದೇ ಕಾರಣವನ್ನು ಪಕ್ಕಕ್ಕಿಡುತ್ತ ಹೋಗುವುದೇ ವಿಜ್ಞಾನ. ಪರಿಸರದ ಕಾಳಜಿಯೂ ಅಲ್ಲಿಂದಲೇ ಹುಟ್ಟಬೇಕು. ಘೋಷಣೆಯಿಂದ ಹುಟ್ಟಿದ ಕಾಳಜಿಗೆ ಘೋಷಣೆಯಷ್ಟೇ ಆಯುಷ್ಯ.

ಸರ್ಕಾರಿ ಕಾಗದಪತ್ರಗಳಲ್ಲಿ ಈ ತಿಳಿವಳಿಕೆಗೆ ಕೊರತೆಯೇನೂ ಇಲ್ಲ. ಪ್ರಾಥಮಿಕ ಹಂತದಲ್ಲಿ ‘ಪರಿಸರ ಅಧ್ಯಯನ’ ಎಂಬ ವಿಷಯವಿರಲಿ ಎಂದು ಎನ್‌.ಸಿ.ಇ.ಆರ್‌.ಟಿ. 1975ರ ಪಠ್ಯಕ್ರಮದಲ್ಲೇ ಸೂಚಿಸಿತ್ತು. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸುವಂತೆ ಹೇಳಿತು. ವಿಷಯ ಕಡ್ಡಾಯವಾದೊಡನೆ ಪಠ್ಯ ಬಂತು, ಪಠ್ಯದ ಹಿಂದೆ ಪ್ರಶ್ನೋತ್ತರ ಬಂತು, ಪ್ರಶ್ನೋತ್ತರದ ಹಿಂದೆ ಬಾಯಿಪಾಠ ಬಂತು. ‘ಮರಗಳಿಂದಾಗುವ ಉಪಯೋಗಗಳಾವುವು?’ ಎಂಬುದಕ್ಕೆ ಐದು ಸಾಲು ಬರೆದು ಪೂರ್ಣ ಅಂಕ ಪಡೆದ ಮಗುವಿಗೆ ಶಾಲೆಯ ಬಾಗಿಲಲ್ಲಿರುವ ಹೊಂಗೆ ಯಾವ ತಿಂಗಳಲ್ಲಿ ಎಲೆ ಉದುರಿಸುತ್ತದೆ ಎಂಬುದು ಗೊತ್ತಿರಬೇಕಾದ ಅಗತ್ಯವಿಲ್ಲ.

ಇದನ್ನು ಬೇರೆ ರೀತಿಯಲ್ಲಿ ಮಾಡಲು ಹೊರಟ ಒಂದು ದೊಡ್ಡ ಪ್ರಯತ್ನ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ ನಡೆಯಿತು. (ಆ ಊರಿನ ಹೆಸರು 2022ರಿಂದ ನರ್ಮದಾಪುರಂ.) ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 1972ರಲ್ಲಿ ಹದಿನಾರು ಶಾಲೆಗಳಲ್ಲಿ ಅದನ್ನು ಆರಂಭಿಸಿದವು. ಆರರಿಂದ ಎಂಟನೆಯ ತರಗತಿಯ ಮಕ್ಕಳು, ಅಂದರೆ ಬಹುಮಟ್ಟಿಗೆ ಇಲ್ಲಿನ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳ ವಯಸ್ಸಿನವರು. ದೆಹಲಿ ವಿಶ್ವವಿದ್ಯಾಲಯದ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿ ಶಾಲೆಯ ಮೇಷ್ಟರುಗಳ ಜೊತೆ ನೆಲದ ಮೇಲೆ ಕುಳಿತು ಪ್ರಯೋಗ ಮಾಡಿದರು. 1978ರ ಹೊತ್ತಿಗೆ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. ಮುಂದೆ ಅದನ್ನು ನಡೆಸಿಕೊಂಡು ಹೋಗಲು 1982ರಲ್ಲಿ ‘ಏಕಲವ್ಯ’ ಸಂಸ್ಥೆ ಹುಟ್ಟಿತು.

ಅಲ್ಲಿನ ಪುಸ್ತಕದ ಹೆಸರು ‘ಬಾಲ ವೈಜ್ಞಾನಿಕ’. ಅದರಲ್ಲಿ ಉತ್ತರಗಳಿರಲಿಲ್ಲ. ಮಾಡಿ ನೋಡಬೇಕಾದ ಕೆಲಸಗಳಿದ್ದವು, ಮಾಡಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿದ್ದವು. ನಾಲ್ಕು ನಾಲ್ಕು ಮಕ್ಕಳ ತಂಡ ಮಾಡಿಕೊಂಡು ಊರಾಚೆ ಹೋಗಿ ಎಲೆ ತರುವುದು, ಹೂ ಬಿಡಿಸಿ ನೋಡುವುದು, ಮಣ್ಣು ಕಲ್ಲುಗಳನ್ನು ವಿಂಗಡಿಸುವುದು. ಹೂವನ್ನು ಬಿಡಿಸಲು ಪೇಟೆಯ ಸೂಜಿ ಬೇಕಿರಲಿಲ್ಲ, ಜಾಲಿಮುಳ್ಳು ಸಾಕಿತ್ತು. ಪರೀಕ್ಷೆಗೆ ಪುಸ್ತಕವನ್ನೂ ತಾವು ಬರೆದಿಟ್ಟುಕೊಂಡ ಟಿಪ್ಪಣಿಯನ್ನೂ ತರಬಹುದಿತ್ತು, ಜೊತೆಗೆ ಪ್ರಯೋಗದ ಪರೀಕ್ಷೆಯೂ ಇತ್ತು. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆಯಲ್ಲಿ ಬಾಯಿಪಾಠಕ್ಕೆ ಬೆಲೆಯೇನು? ಪಾಠ ಬದಲಾದರೂ ಪರೀಕ್ಷೆ ಬದಲಾಗದಿದ್ದರೆ ಏನೂ ಬದಲಾಗದು ಎಂಬುದನ್ನು ಅವರು ಬೇಗ ಕಂಡುಕೊಂಡಿದ್ದರು. ಬೇರೆಡೆಯ ಅನೇಕ ಸುಧಾರಣೆಗಳು ಎಡವಿದ್ದು ಇಲ್ಲಿಯೇ. ಪಾಠಕ್ಕೆ ಸಂಬಂಧವಿಲ್ಲದ ಪ್ರಶ್ನೆಯಿದ್ದರೂ ಮಕ್ಕಳು ‘ಸವಾಲಿರಾಮ’ ಎಂಬ ಕಲ್ಪಿತ ವ್ಯಕ್ತಿಗೆ ಕಾಗದ ಬರೆಯಬಹುದಿತ್ತು, ಉತ್ತರ ಬರುತ್ತಿತ್ತು.

ಆ ಜಿಲ್ಲೆಯಲ್ಲಿ ಮಣ್ಣಿನ ಪಾಠ ಬರಿಯ ಪಾಠವಾಗಿರಲಿಲ್ಲ. 1970ರ ದಶಕದಲ್ಲಿ ತವಾ ಅಣೆಕಟ್ಟಿನ ನೀರು ಎರೆಭೂಮಿಗೆ ಹರಿದಾಗ ಎಷ್ಟೋ ಹೊಲಗಳು ಜವಳು ಹಿಡಿದವು. 1977ರಲ್ಲಿ ಅಲ್ಲಿ ‘ಮಣ್ಣು ಉಳಿಸಿ’ ಎಂಬ ಚಳವಳಿಯೇ ಎದ್ದಿತು. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಸವಳು-ಜವಳು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಆ ಭಾಗದ ಶಾಲೆಯೊಂದರಲ್ಲಿ ತಳ ತೂತಾದ ಎರಡು ಡಬ್ಬಿಗಳಿಗೆ ಎರೆಮಣ್ಣು ಒಂದಕ್ಕೆ, ಮರಳುಮಣ್ಣು ಇನ್ನೊಂದಕ್ಕೆ ತುಂಬಿ, ಒಂದೊಂದು ಲೋಟ ನೀರು ಹೊಯ್ದು, ಕೆಳಗೆ ಎಷ್ಟು ಇಳಿಯಿತು ಎಂದು ಅಳೆದ ಮಗುವಿಗೆ ತನ್ನ ಅಪ್ಪನ ಹೊಲದ ಸಂಕಟದ ಅರ್ಧ ಕಾರಣ ತಿಳಿದಂತೆಯೇ.

ಮೂವತ್ತು ವರ್ಷ ನಡೆದ ಹೋಶಂಗಾಬಾದಿನ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಮಕ್ಕಳ ಕೈಗೆ ಮತ್ತೆ ಎಲ್ಲರ ಪಠ್ಯಪುಸ್ತಕವೇ ಬಂತು. ಅಷ್ಟು ಗಟ್ಟಿಯಾಗಿ ಬೇರೂರಿದ್ದು ಒಂದು ಆದೇಶದಿಂದ ಹೋಗಬಹುದಾದರೆ, ಶಾಲೆಯೊಂದು ಆದೇಶಕ್ಕೆ ಕಾಯದೆ ತಾನೇ ಮಾಡಿಕೊಳ್ಳಬಹುದಾದದ್ದು ಏನಿದೆ ಎಂದು ನೋಡಬೇಕಾಗುತ್ತದೆ.

ಮಳೆಯನ್ನೇ ತೆಗೆದುಕೊಳ್ಳಿ. ಗೋಡೆ ನೇರವಾಗಿರುವ, ತಳ ಮಟ್ಟಸವಾಗಿರುವ ಒಂದು ಡಬ್ಬಿ, ಒಂದು ಅಡಿಪಟ್ಟಿ, ಇಷ್ಟಿದ್ದರೆ ಮಳೆಮಾಪಕ ಆಯಿತು. ಒಂದು ತಂಡ ಡಬ್ಬಿಯನ್ನು ಹಾಗೆಯೇ ಬಯಲಿನಲ್ಲಿಡಲಿ. ಇನ್ನೊಂದು ತಂಡ ಅಂಥದೇ ಡಬ್ಬಿಯ ಮೇಲೆ ಅಗಲ ಬಾಯಿಯ ಆಲಿಕೆ ಇಡಲಿ. ಮರುದಿನ ಎರಡನೆಯದರಲ್ಲಿ ಹೆಚ್ಚು ನೀರು! ಒಂದೇ ಅಂಗಳದಲ್ಲಿ ಎರಡು ಮಳೆ ಬಿತ್ತೇ? ಮೇಷ್ಟರು ಇಲ್ಲಿ ಬಾಯಿ ಬಿಡಬಾರದು. ಮಕ್ಕಳು ಜಗಳವಾಡಲಿ. ಬಾಯಿಯ ಅಗಲಕ್ಕೂ ನೀರಿನ ಮಟ್ಟಕ್ಕೂ ಇರುವ ಸಂಬಂಧ ಆ ಜಗಳದಲ್ಲೇ ಹೊರಬರುತ್ತದೆ. ಎರಡು ದಿನ ಹಿಡಿದರೂ ನಷ್ಟವಿಲ್ಲ.

ಅಲ್ಲಿಂದ ಮುಂದಕ್ಕೆ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಶಾಲೆಯ ಮಾಡು 100 ಚದರ ಮೀಟರ್ ಇದ್ದು ವರ್ಷಕ್ಕೆ 700 ಮಿಲಿಮೀಟರ್ ಮಳೆಯಾಗುವ ಬಯಲುಸೀಮೆಯ ಊರಾದರೆ, ಆ ಮಾಡಿನ ಮೇಲೆ ಬೀಳುವುದು 70,000 ಲೀಟರ್. ಐದನೆಯ ತರಗತಿಯ ಗುಣಾಕಾರ ಇದು. ಸಸಿಯೊಂದಕ್ಕೆ ವಾರಕ್ಕೆ 10 ಲೀಟರ್ ಎಂದಿಟ್ಟುಕೊಂಡರೆ ಹತ್ತು ವಾರದ ಬೇಸಿಗೆಗೆ ಬೇಕಾದದ್ದು 100 ಲೀಟರ್. 200 ಲೀಟರಿನ ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಎರಡು ಸಸಿಗೆ ಸಾಕು. ಹಾಗಾದರೆ ಶಾಲೆಯಲ್ಲಿ ಎರಡೇ ಡ್ರಮ್ಮಿದ್ದರೆ ಈ ಜೂನ್‌ನಲ್ಲಿ ನೆಡಬೇಕಾದದ್ದು ನಾಲ್ಕು ಸಸಿ, ನಲವತ್ತಲ್ಲ. ಈ ತೀರ್ಮಾನ ಮಕ್ಕಳ ನೋಟುಬುಕ್ಕಿನಿಂದ ಬಂದರೆ, ಆ ನಾಲ್ಕು ಸಸಿಗಳು ಅವರವೇ ಆಗುತ್ತವೆ. ಅತಿಥಿಗಳಿಗೆ ನಾಲ್ಕು ಸಾಲದೆನಿಸಿದರೆ ಮಕ್ಕಳೇ ಲೆಕ್ಕ ತೋರಿಸಲಿ.

ಕರ್ನಾಟಕದಲ್ಲಿ ಇದಕ್ಕೆ ನೆಲೆಯೊಂದು ಆಗಲೇ ಸಿದ್ಧವಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಸೇರಿ ರೂಪಿಸಿದ ‘ನಲಿ-ಕಲಿ’ ತರಗತಿಯಲ್ಲಿ ಹವಾಮಾನದ ಚಾರ್ಟು ಒಂದಿರುತ್ತದೆ. ಇಂದು ಮೋಡವೋ, ಬಿಸಿಲೋ, ಮಳೆಯೋ ಎಂದು ಮಕ್ಕಳೇ ಹೊರಗೆ ನೋಡಿ ಬಂದು ಗುರುತು ಹಾಕುತ್ತಾರೆ. ಆದರೆ ನಲಿ-ಕಲಿ ಇರುವುದು ಮೊದಲ ಮೂರು ತರಗತಿಗಳಿಗೆ. ಸಂಖ್ಯೆಗಳ ಮೇಲೆ ಹಿಡಿತ ಬರುವ ನಾಲ್ಕನೆಯ ತರಗತಿಗೆ, ಅಂದರೆ ಮೋಡದ ಚಿತ್ರದ ಪಕ್ಕದಲ್ಲಿ ಮಿಲಿಮೀಟರನ್ನೂ ಬರೆಯಬಲ್ಲ ವಯಸ್ಸಿಗೆ, ಆ ಚಾರ್ಟು ಕೈಬಿಡುತ್ತದೆ. ಅದನ್ನು ಏಳನೆಯವರೆಗೂ ಮುಂದುವರಿಸಲು ಯಾರ ಅಪ್ಪಣೆಯೂ ಬೇಕಾಗದು.

ಉಳಿಯುವುದು ರಜೆಯ ಪ್ರಶ್ನೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಬೀಳುವುದೇ ಶಾಲೆಗೆ ಬೀಗ ಬಿದ್ದಿರುವಾಗ. ಆಗ ಡಬ್ಬಿಯನ್ನೂ ಅಡಿಪಟ್ಟಿಯನ್ನೂ ಡ್ರಮ್ಮಿನ ಚೊಂಬನ್ನೂ ಶಾಲೆಯ ಪಕ್ಕದ ಮನೆಯ ಮಗುವಿಗೆ ಒಪ್ಪಿಸಿ ಹೋಗಬೇಕು. ಆ ಮನೆಯಲ್ಲಿ ಅಜ್ಜನೊಬ್ಬ ಇದ್ದರೆ ಇನ್ನೂ ಒಳ್ಳೆಯದು. ಭರಣಿ ಚೆನ್ನಾಗಿ ಹೊಯ್ದಿತು ಎಂದು ಅವನೆಂದಾಗ, ಚೆನ್ನಾಗಿ ಎಂದರೆ ಎಷ್ಟು ಎಂದು ಮೊಮ್ಮಗಳು ಡಬ್ಬಿ ನೋಡಿ ಹೇಳುತ್ತಾಳೆ. ಹೋದ ವರ್ಷದ್ದು ಎಷ್ಟೆಂದು ಅವನು ತಿರುಗಿ ಕೇಳಿದರೆ ಪುಟ ತಿರುವುತ್ತಾಳೆ.