ಬಿಎಸ್‌ಎನ್‌ಎಲ್ 4ಜಿ ತಡವಾಗಿದ್ದಕ್ಕೆ ಬೆಲೆ ತೆತ್ತವರು ಯಾರು?

ಜಿಯೋ 4ಜಿ ಶುರುವಾಗಿದ್ದು 2016ರಲ್ಲಿ. ಬಿಎಸ್‌ಎನ್‌ಎಲ್‌ಗೆ 4ಜಿ ತರಂಗಾಂತರ ಕೊಡೋಕೆ ಕೇಂದ್ರ ಸಂಪುಟ ಒಪ್ಪಿದ್ದು 2019ರಲ್ಲಿ. ಗಡಿಯಲ್ಲಿ ಚೀನಾ ಜೊತೆ ಸಂಘರ್ಷವಾದ ಮೇಲೆ, 2020ರಲ್ಲಿ ಟೆಂಡರ್ ರದ್ದಾಯ್ತು. ಉಪಕರಣ ದೇಶದಲ್ಲೇ ತಯಾರಾಗಬೇಕು ಅಂತ ತೀರ್ಮಾನವಾಯ್ತು. ಸಿ-ಡಾಟ್, ಟಿಸಿಎಸ್, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಅದನ್ನ ಮಾಡಿಯೂ ತೋರಿಸಿದವು. ಪ್ರಧಾನಿ ಅದಕ್ಕೆ ಚಾಲನೆ ಕೊಟ್ಟಿದ್ದು 2025ರ ಸೆಪ್ಟೆಂಬರ್ 27ರಂದು.

ಸಾಧನೆ ದೊಡ್ಡದೇ. ಆದ್ರೆ ಅಲ್ಲೀವರೆಗೆ ಕಾದವರು ಯಾರು? ಪಟ್ಟಣದವರು ನಂಬರ್ ಪೋರ್ಟ್ ಮಾಡಿಸಿಕೊಂಡು ಹೋದ್ರು. ಬಿಎಸ್‌ಎನ್‌ಎಲ್ ಟವರ್ ಒಂದೇ ಇರೋ ಮಲೆನಾಡಿನ ಹಳ್ಳಿಯವರಿಗೆ ಆ ದಾರಿಯೂ ಇರಲಿಲ್ಲ. ಈಗಲೂ ಟವರ್‌ಗಳ ಲೆಕ್ಕ ಕೊಟ್ರೆ ಸಾಲದು. ಕರೆಂಟ್ ಹೋದಾಗ ಬ್ಯಾಟರಿ ಬೇಕು, ಟವರ್‌ವರೆಗೆ ಫೈಬರ್ ಕಡಿಯದೆ ಇರಬೇಕು. ಅಧಿಕಾರಿಗಳನ್ನ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಜುಲೈ ತಿಂಗಳ ಮಳೇಲೂ ಸಿಗ್ನಲ್ ಇರುತ್ತಾ?