ನಾಲೆಯ ನೀರು, ನೆರೆಯವರ ನೆಮ್ಮದಿ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಕುಕ್ಕುವಾಡದಲ್ಲಿ ನೆರೆದ ರೈತಬಾಂಧವರ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ವೇದಿಕೆಯಲ್ಲಿ ಗುರುಗಳು ಮಾತಿಗೆ ನಿಂತರೆ ಹಿಂದಿನವರ ತ್ಯಾಗವನ್ನೂ ಗಂಟೆಗೋಪುರ ಕಟ್ಟಿದ ಕಥೆಯನ್ನೂ ಹೇಳುವರೆಂದು ತಾವು ನಿರೀಕ್ಷಿಸುವುದು ಸಹಜ. ಅವನ್ನು ನಮಗಿಂತ ಚೆನ್ನಾಗಿ ಬಲ್ಲವರು ಸ್ಮರಣ ಸಂಚಿಕೆಗೆ ಬರೆದುಕೊಟ್ಟಿದ್ದಾರೆ. ನಾವಿಂದು ಹೇಳಹೊರಟಿರುವುದು ಜಗಳದ ವಿಷಯ. ಅದರಲ್ಲೂ ನೀರಿನ ಜಗಳದ ವಿಷಯ. ಪಂಡಿತರು ಗ್ರಂಥಗಳಲ್ಲಿ ಬರೆದಿಟ್ಟಿರುವುದಕ್ಕೂ ತಾವು ತೂಬಿನ ಬಳಿ ನಿಂತು ಕಂಡುಕೊಂಡಿರುವುದಕ್ಕೂ ಒಂದು ಸೇತುವೆ ಕಟ್ಟಬಹುದೇ ಎಂಬುದು ನಮ್ಮ ಪ್ರಶ್ನೆ.

ನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಇಂಥ ಜಗಳ ಇರಲಿಲ್ಲ. ಇದ್ದ ಜಗಳವೆಲ್ಲ ಬದುವಿನದು, ದನ ಮೇಯಿಸಿದ್ದು, ಇಲ್ಲವೇ ಕೆರೆಯ ಕೆಳಗಿನ ನಾಲ್ಕು ಗದ್ದೆಗಳದು. ಉಳಿದದ್ದು ಮಳೆಯನ್ನೇ ನಂಬಿದ ಜೋಳದ, ಹತ್ತಿಯ ಹೊಲ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಗಿ 1965ರಲ್ಲಿ ಮುಗಿಯಿತು. 186 ಅಡಿಯ ಪೂರ್ಣ ಮಟ್ಟ, ಸುಮಾರು 71 ಟಿಎಂಸಿ ಸಂಗ್ರಹ, ಸುಮಾರು 2.6 ಲಕ್ಷ ಎಕರೆ ಅಚ್ಚುಕಟ್ಟು. ಬಲದಂಡೆ ನಾಲೆಯೊಂದೇ ನೂರು ಕಿಲೋಮೀಟರಿಗೂ ಮಿಗಿಲಾಗಿ ಹರಿಯುತ್ತದೆ. ಆ ನೀರು ಬಂದಮೇಲೆ ಈ ಭಾಗದಲ್ಲಿ ಭತ್ತ ಬಂತು, ಕಬ್ಬು ಬಂತು, ಕುಕ್ಕುವಾಡಕ್ಕೆ ಸಕ್ಕರೆ ಕಾರ್ಖಾನೆ ಬಂತು. ಹೆಣ್ಣು ಕೊಡುವವರು ‘ನಾಲೆ ಜಮೀನು ಎಷ್ಟಿದೆ’ ಎಂದು ಕೇಳುವ ಕಾಲ ಬಂತು.

ಅದರ ಬೆನ್ನಿಗೇ ಇನ್ನೊಂದು ಸಂಗತಿಯೂ ಬಂತು. ಕಾಗದದ ಮೇಲೆ ಅರೆನೀರಾವರಿ ಬೆಳೆಗೆಂದು ಗೊತ್ತುಮಾಡಿದ ಜಮೀನಿನಲ್ಲೂ ಭತ್ತದ ನಾಟಿಯಾಯಿತು. ನಾಲೆಯ ಮೇಲ್ಭಾಗದಲ್ಲಿ ಅಡಿಕೆ ತೋಟಗಳು ಎದ್ದವು. ದಂಡೆಗುಂಟ ಪಂಪ್‌ಸೆಟ್ಟುಗಳು ಕುಳಿತವು. ಕೊನೆಭಾಗದ ರೈತನ ಗದ್ದೆಗೆ ನೀರು ತಲಪುವುದು ಭಾಗ್ಯದ ಮಾತಾಯಿತು. 2023ರಲ್ಲಿ ಮಳೆ ಕೈಕೊಟ್ಟಾಗ ನೀರನ್ನು ನಿರಂತರ ಬಿಡಬೇಕೋ, ಬಿಟ್ಟು ನಿಲ್ಲಿಸಿ ಸರದಿಯಲ್ಲಿ ಕೊಡಬೇಕೋ ಎಂಬ ವಿವಾದ ಎದ್ದು, ಸೆಪ್ಟೆಂಬರಿನಲ್ಲಿ ದಾವಣಗೆರೆಯ ರೈತರು ಬೀದಿಗಿಳಿದದ್ದನ್ನು ತಾವೆಲ್ಲ ಬಲ್ಲಿರಿ. ತಮ್ಮಲ್ಲಿ ಕೆಲವರು ಆ ಮೆರವಣಿಗೆಯಲ್ಲಿ ಇದ್ದವರೇ. 2025ರ ಜೂನಿನಲ್ಲಿ ಬಲದಂಡೆ ನಾಲೆಯ ಕಾಮಗಾರಿಯ ವಿಚಾರವಾಗಿ ಮತ್ತೊಮ್ಮೆ ಅದೇ ಆಯಿತು. ಇವು ಪತ್ರಿಕೆಯಲ್ಲಿ ಬರುವ ಜಗಳಗಳು. ರಾತ್ರಿ ಎರಡು ಗಂಟೆಗೆ ಲಾಟೀನು ಹಿಡಿದು ತೂಬಿನ ಬಳಿ ನಡೆಯುವ ಜಗಳ ಪತ್ರಿಕೆಗೆ ಬರುವುದಿಲ್ಲ. ಅದು ಗುರುಗಳ ಬಾಗಿಲಿಗೆ ಬರುತ್ತದೆ.

ಅಂಥದೊಂದು ನಮ್ಮ ಬಾಗಿಲಿಗೂ ಬಂದಿತ್ತು. ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ಈ ಧರ್ಮಕೇಂದ್ರದ್ದಲ್ಲ, ನಾವು ಆಗ ಸೇವೆಯಲ್ಲಿದ್ದ ಬೇರೊಂದು ಊರಿನದು. ಒಂದೇ ತೂಬಿನ ಕೆಳಗೆ ಜಮೀನಿದ್ದ ಎರಡು ಕುಟುಂಬಗಳು. ಎರಡೂ ಭಾನುವಾರದ ಬಲಿಪೂಜೆಗೆ ತಪ್ಪದೆ ಬರುವವು. ಒಂದು ಎಡಗಡೆಯ ಸಾಲಿನಲ್ಲಿ, ಇನ್ನೊಂದು ಬಲಗಡೆಯಲ್ಲಿ ಕುಳಿತುಕೊಳ್ಳುವವು. ಮೂರು ವರ್ಷಗಳಿಂದ ಮಾತಿಲ್ಲ. ತಪಸ್ಸುಕಾಲದಲ್ಲಿ ನಾವು ಇಬ್ಬರು ಯಜಮಾನರನ್ನೂ ಕರೆಸಿ, ಕ್ಷಮೆಯ ವಿಷಯದಲ್ಲಿ ಒಂದು ಗಂಟೆ ಬೋಧಿಸಿ, ಬಲಿಪೀಠದ ಮುಂದೆ ಅವರ ಕೈಗಳನ್ನು ಕೂಡಿಸಿದೆವು. ಹೆಂಗಸರು ಕಣ್ಣೀರಿಟ್ಟರು. ‘ಸ್ವಾಮಿಗಳಿಂದ ಒಳ್ಳೆಯ ಕೆಲಸವಾಯಿತು’ ಎಂದು ಊರಿಗೆ ಊರೇ ಹೇಳಿತು. ನಾವೂ ಹಾಗೆಯೇ ನಂಬಿದೆವು, ಸ್ವಲ್ಪ ಹೆಮ್ಮೆಯನ್ನೂ ಪಟ್ಟೆವು.

ಬೇಸಿಗೆ ಬೆಳೆಗೆ ನೀರು ಬಿಟ್ಟ ಎರಡನೆಯ ವಾರ, ರಾತ್ರಿಯ ಹೊತ್ತು, ಒಬ್ಬನ ಮಗ ಇನ್ನೊಬ್ಬನ ಮಗನ ಮೇಲೆ ಗುದ್ದಲಿ ಎತ್ತಿದ. ಏಟು ತಿಂದ ಹುಡುಗ ಬದುಕಿದ. ಆದರೆ ಅವನ ಬಲಗೈ ಮೊದಲಿನಂತಾಗಲಿಲ್ಲ. ಮೊಕದ್ದಮೆ ಆರು ವರ್ಷ ನಡೆಯಿತು. ಆ ನಡುವೆ ಒಬ್ಬ ಯಜಮಾನರು ತೀರಿಕೊಂಡರು. ಶವಸಂಸ್ಕಾರದ ಪೂಜೆಯನ್ನು ಅರ್ಪಿಸಿದವರು ನಾವೇ. ಅಂದು ಬಲಗಡೆಯ ಆ ಸಾಲು ಬರಿದಾಗಿತ್ತು.

ನಮ್ಮ ಬೋಧನೆಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕ್ಷಮಿಸಿರೆಂದು ಹೇಳಿದ ನಾವು, ನೀರು ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಯಾರ ಗದ್ದೆಗೆ ಹೋಗತಕ್ಕದ್ದೆಂದು ಕೇಳಿರಲೇ ಇಲ್ಲ. ಗುರುಮಠದಲ್ಲಿ ನಮಗೆ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಕಲಿಸಿದರು. ತೂಬನ್ನು ಯಾರೂ ತೋರಿಸಲಿಲ್ಲ. ಆ ಆರು ವರ್ಷಗಳಲ್ಲಿ ನಾವು ಈ ವಿಷಯವನ್ನು ಕುರಿತ ಗ್ರಂಥಗಳನ್ನು ಹುಡುಕಿ ಓದತೊಡಗಿದೆವು. ತಡವಾಗಿ ಓದಿದೆವೆಂಬ ಕೊರಗು ಇಂದಿಗೂ ಇದೆ.

ಅಮೆರಿಕೆಯ ಎಲಿನಾರ್ ಆಸ್ಟ್ರಂ ಎಂಬ ವಿದುಷಿ, ಜನರು ಹಂಚಿಕೊಂಡು ಬಾಳುವ ನೀರು, ಹುಲ್ಲುಗಾವಲು, ಮೀನುಗಾರಿಕೆಗಳನ್ನು ಕುರಿತು 1990ರಲ್ಲಿ ಪ್ರಕಟಿಸಿದ ಗ್ರಂಥ ಪ್ರಸಿದ್ಧವಾದುದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಮೊದಲ ಮಹಿಳೆ ಆಕೆ. ಸರ್ಕಾರದ ಲಾಠಿಯಿಂದ ಇಲ್ಲವೇ ಖಾಸಗಿ ಒಡೆತನದಿಂದ ಮಾತ್ರ ಇಂಥ ಸಂಪತ್ತು ಉಳಿದೀತೆಂಬ ವಾದವನ್ನು ಅವರು ಒಪ್ಪಲಿಲ್ಲ. ಎಲ್ಲಿ ಬಳಸುವವರೇ ನಿಯಮ ಮಾಡಿಕೊಂಡಿದ್ದಾರೋ, ಕಾವಲುಗಾರನು ಅವರಿಗೇ ಉತ್ತರ ಹೇಳಬೇಕಾಗಿದೆಯೋ, ತಪ್ಪಿಗೆ ಮೊದಲು ಸಣ್ಣ ದಂಡ, ಮರುಕಳಿಸಿದರೆ ದೊಡ್ಡ ದಂಡ ಇದೆಯೋ, ಜಗಳವನ್ನು ಹತ್ತಿರದಲ್ಲೇ ಅಲ್ಪ ಖರ್ಚಿನಲ್ಲಿ ಬೇಗ ಬಗೆಹರಿಸುವ ಸ್ಥಳವಿದೆಯೋ ಅಲ್ಲಿ ಶತಮಾನಗಳ ಕಾಲ ವ್ಯವಸ್ಥೆ ಉಳಿದಿರುವುದನ್ನು ಆಕೆ ತೋರಿಸಿದರು.

ಆಕೆ ಕೊಡುವ ಒಂದು ನಿದರ್ಶನ ಕ್ರೈಸ್ತರಾದ ನಮಗೆ ವಿಶೇಷ ಪ್ರಿಯವಾದುದು. ಸ್ಪೇನ್ ದೇಶದ ವಲೆನ್ಸಿಯಾ ನಗರದ ಪ್ರಧಾನಾಲಯಕ್ಕೆ ‘ಪ್ರೇಷಿತರ ಬಾಗಿಲು’ ಎಂಬ ದ್ವಾರವಿದೆ. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಬಾಗಿಲ ಹೊರಗೆ ನೀರಿನ ನ್ಯಾಯಾಲಯ ಕೂಡುತ್ತದೆ. ತೂರಿಯಾ ನದಿಯ ಎಂಟು ನಾಲೆಗಳ ರೈತರು ತಮ್ಮೊಳಗೇ ಆರಿಸಿದ ಎಂಟು ಮಂದಿ ಕಪ್ಪು ನಿಲುವಂಗಿ ತೊಟ್ಟು ಕೂರುತ್ತಾರೆ. ವಕೀಲರಿಲ್ಲ, ವಿಚಾರಣೆಯೆಲ್ಲ ಬಾಯಿಮಾತಿನಲ್ಲಿ, ತೀರ್ಪು ಅಲ್ಲಿಯೇ. ಬಲದಂಡೆಯ ನಾಲೆಯ ಜಗಳವಾದರೆ ತೀರ್ಪನ್ನು ಸೂಚಿಸುವವರು ಎಡದಂಡೆಯವರು, ಎಡದಂಡೆಯದಾದರೆ ಬಲದಂಡೆಯವರು! ಭದ್ರೆಯ ಎರಡು ದಂಡೆಗಳ ಬಗ್ಗೆ ಪತ್ರಿಕೆಯಲ್ಲಿ ಓದುವಾಗಲೆಲ್ಲ ನಮಗಿದು ನೆನಪಾಗುತ್ತದೆ. ಆ ನಾಲೆಗಳ ವ್ಯವಸ್ಥೆ ಮುಸಲ್ಮಾನ ಅರಸರ ಕಾಲದಿಂದ ಬಂದುದು. ಆ ಧರ್ಮದ ರೈತರೂ ಸಂಕೋಚವಿಲ್ಲದೆ ಬರಲೆಂದೇ ದೇವಾಲಯದ ಒಳಗೆ ಕೂಡದೆ ಹೊರಬಾಗಿಲಲ್ಲಿ ಕೂಡುವ ರೂಢಿ ಬಂತೆಂದು ಪ್ರತೀತಿ. 2009ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು.

ಸ್ಪೇನಿನವರೆಗೆ ಹೋಗುವುದೇಕೆ ಎಂದು ತಾವು ಕೇಳಬಹುದು. ರಾಬರ್ಟ್ ವೇಡ್ ಎಂಬ ವಿದ್ವಾಂಸರು ನೆರೆಯ ಆಂಧ್ರದ ಕರ್ನೂಲು ಜಿಲ್ಲೆಯ ಹಳ್ಳಿಗಳಲ್ಲಿದ್ದು 1988ರಲ್ಲಿ ಒಂದು ಪುಸ್ತಕ ಬರೆದರು. ನಾಲೆಯ ಮೇಲ್ಭಾಗದ ಹಳ್ಳಿಗಳಲ್ಲಿ ಒಗ್ಗಟ್ಟು ಕಡಿಮೆ. ನೀರಿಗೆ ಕಷ್ಟಪಡುವ ಕೊನೆಭಾಗದ ಹಳ್ಳಿಗಳಲ್ಲೇ ಜನ ತಾವಾಗಿ ಸಭೆ ಕಟ್ಟಿಕೊಂಡು, ಊರಿನ ನಿಧಿ ಕೂಡಿಸಿ, ನೀರು ಹಾಯಿಸಲು ಸಾಮಾನ್ಯ ಆಳುಗಳನ್ನು ನೇಮಿಸಿಕೊಂಡಿದ್ದಾರೆಂಬುದು ಅವರು ಕಂಡ ಸತ್ಯ. ಪೀಟರ್ ಮೊಲಿಂಗ ಎಂಬ ಡಚ್ ವಿದ್ವಾಂಸರು ನಮ್ಮದೇ ತುಂಗಭದ್ರಾ ಎಡದಂಡೆ ನಾಲೆಯ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿ, ನೀರಿನ ಹಂಚಿಕೆ ಕೇವಲ ಇಂಜಿನಿಯರಿಂಗ್ ಅಲ್ಲ, ಅದೊಂದು ರಾಜಕಾರಣವೆಂದು ವಿವರಿಸಿದರು. ಇದನ್ನು ತಾವು ಪುಸ್ತಕವಿಲ್ಲದೆಯೇ ಬಲ್ಲಿರಿ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಮಾತ್ರ ಮತ್ತೊಂದು ಬರವಣಿಗೆ. 1997ರಲ್ಲಿ ತಿರುವೇಂಗಡಾಚಾರಿ ಮತ್ತು ಶಕ್ತಿವಡಿವೇಲ್ ಎಂಬ ಇಬ್ಬರು ವಿಜ್ಞಾನಿಗಳ ವರದಿಯೊಂದನ್ನು ಕೊಲಂಬೊದ ಅಂತಾರಾಷ್ಟ್ರೀಯ ನೀರಾವರಿ ಸಂಸ್ಥೆ ಪ್ರಕಟಿಸಿತು. ಉಪಗ್ರಹದ ಚಿತ್ರಗಳಿಂದ ನೀರಾವರಿ ಯೋಜನೆಯೊಂದನ್ನು ಅಳೆಯುವುದು ಹೇಗೆಂದು ತೋರಿಸುವ ವರದಿ. ಅವರು ಆರಿಸಿಕೊಂಡ ಯೋಜನೆ ಯಾವುದು? ನಮ್ಮ ಭದ್ರೆ! ಎಲ್ಲಿ ಭತ್ತ ಹುಲುಸಾಗಿದೆ, ಎಲ್ಲಿ ಸೊರಗಿದೆಯೆಂದು ಆಕಾಶದಿಂದ ನೋಡಿ ನಾಲೆ ನಾಲೆಯ ಲೆಕ್ಕ ತೆಗೆಯಬಹುದಾಗಿತ್ತು. ನಾವು ಹೇಳಿದ ಆ ಎರಡು ಕುಟುಂಬಗಳು ಗುದ್ದಲಿ ಹಿಡಿದು ನಿಂತ ಕಾಲಕ್ಕೆ ಆ ವರದಿ ಅಚ್ಚಾಗಿ ಹೊರಬಂದಿತ್ತು. ಆದರೆ ಅದು ಇಂಗ್ಲಿಷಿನಲ್ಲಿತ್ತು, ಕೊಲಂಬೊದಲ್ಲಿತ್ತು. ಅಚ್ಚುಕಟ್ಟಿನ ಎಷ್ಟೋ ರೈತರನ್ನು ನಾವು ಕೇಳಿದ್ದೇವೆ; ಹೆಸರು ಕೇಳಿದವರೂ ಸಿಕ್ಕಲಿಲ್ಲ. ತಮ್ಮ ಗದ್ದೆಯ ಚಿತ್ರ ತಮಗೇ ಕಾಣದಂತಾದುದು ಯಾರ ತಪ್ಪು? ವಿದ್ವಾಂಸರದೆಂದು ಹೇಳಿ ಕೈ ತೊಳೆದುಕೊಳ್ಳಬಹುದು. ಓದು ಬಲ್ಲ ನಾವು, ಎಂದರೆ ಗುರುಗಳು, ಉಪಾಧ್ಯಾಯರು, ಪದವೀಧರ ಮಕ್ಕಳು, ಅದನ್ನು ತಂದು ಕನ್ನಡದಲ್ಲಿ ಹೇಳಲಿಲ್ಲವೆಂಬುದೂ ಅಷ್ಟೇ ನಿಜ.

ಹಾಗೆಂದು ಪಂಡಿತರಲ್ಲೇ ಎಲ್ಲ ಜ್ಞಾನವಿದೆಯೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದನಲ್ಲವೇ? ಅನೇಕ ಊರುಗಳಲ್ಲಿ ಆತ ಜಮೀನಿಲ್ಲದ ಬಡವ. ಆ ಕೆರೆಯ ಕೆಳಗೆ ಸ್ವಂತ ಗದ್ದೆ ಇಲ್ಲದವನಾದ್ದರಿಂದಲೇ ಅವನ ಕೈಯಲ್ಲಿ ತೂಬು ಕೊಡುತ್ತಿದ್ದರು. ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಅವನಿಗೆ ಕಾಳು ಸಲ್ಲುತ್ತಿತ್ತು. ಕಾವಲುಗಾರನು ಬಳಸುವವರಿಗೇ ಉತ್ತರ ಹೇಳಬೇಕೆಂದು ಆಸ್ಟ್ರಂ ಬರೆಯುವ ಎಷ್ಟೋ ಕಾಲ ಮೊದಲೇ ನಮ್ಮವರು ಅದನ್ನು ಕಣದಲ್ಲಿ ಅಳೆದು ಕೊಡುತ್ತಿದ್ದರು. ಆದರೆ ಆ ನೀರಗಂಟಿಯನ್ನು ಪಂಚಾಯಿತಿಯ ಕಟ್ಟೆಯ ಮೇಲೆ ಕೂರಿಸಲಿಲ್ಲವೆಂಬುದನ್ನೂ ಮರೆಯಬಾರದು. ಹಳೆಯ ಪಂಚಾಯಿತಿಯನ್ನು ಹೊಗಳುವವರು ಆ ಕಟ್ಟೆಯ ಮೇಲೆ ಹೆಂಗಸರು, ಗೇಣಿದಾರರು, ದಲಿತರು ಎಲ್ಲಿದ್ದರೆಂದು ಒಮ್ಮೆ ಕೇಳಿಕೊಳ್ಳಲಿ.

ಸಮಾಜದ ನ್ಯಾಯವೂ ಪಾಂಡಿತ್ಯವೂ ಒಂದೆಡೆ ಕೂಡಬಲ್ಲವೆಂಬುದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಸೋಮವಾರಗಳಂದು ಹೊಲ, ಹಣ, ಸಂಸಾರಗಳ ವ್ಯಾಜ್ಯ ಹೊತ್ತು ಜನ ಹೋಗುವುದನ್ನು ತಾವು ಕಂಡಿದ್ದೀರಿ. ಅಲ್ಲಿ ವಿಚಾರಣೆ ನಡೆಸುತ್ತ ಬಂದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳು ಪಾಣಿನಿಯ ವ್ಯಾಕರಣವನ್ನು ಗಣಕಯಂತ್ರಕ್ಕೆ ಅಳವಡಿಸಿದ ವಿದ್ವಾಂಸರು. ಅನ್ಯ ಮಠದ ವಿಷಯವನ್ನು ಈ ವೇದಿಕೆಯಲ್ಲಿ ಹೇಳುವುದೇಕೆಂದು ಯಾರಾದರೂ ಹುಬ್ಬೇರಿಸಿದರೆ ನಮ್ಮ ಅಭ್ಯಂತರವಿಲ್ಲ. ಕಾನೂನು ಸಹ ಈ ದಾರಿಗೆ ಬಂದಿದೆ. 1987ರ ಕಾಯಿದೆಯ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ನ್ಯಾಯಾಲಯದ ಶುಲ್ಕ ಹಿಂದಿರುಗುತ್ತದೆ, ಮೇಲ್ಮನವಿಯ ಅಲೆದಾಟವಿಲ್ಲ. 2023ರ ಮಧ್ಯಸ್ಥಿಕೆ ಕಾಯಿದೆಯಲ್ಲಿ ಊರಿನ ಶಾಂತಿಗೆ ಧಕ್ಕೆ ತರುವ ಜಗಳಗಳನ್ನು ಉಭಯಪಕ್ಷಗಳ ಒಪ್ಪಿಗೆಯಿಂದ ಮೂವರು ಮಧ್ಯಸ್ಥರು ಬಗೆಹರಿಸುವ ಅಧ್ಯಾಯವೇ ಇದೆ. ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹೊಸ ಸ್ಥಾನ ಕೊಟ್ಟ ತಿದ್ದುಪಡಿ 2000ದಲ್ಲೇ ಬಂತು. ಸಂಘಗಳಲ್ಲಿ ಕೆಲವು ಬದುಕಿವೆ, ಕೆಲವು ಬೋರ್ಡಿನಲ್ಲಷ್ಟೇ ಇವೆ.

ಪವಿತ್ರ ಗ್ರಂಥದಲ್ಲಿಯೂ ನೀರಿನ ಜಗಳವಿದೆ. ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕನ ಆಳುಗಳು ತೋಡಿದ ಬಾವಿಗೆ ಗೆರಾರಿನ ಕುರುಬರು ಬಂದು ಜಗಳವಾಡುತ್ತಾರೆ. ಇಸಾಕನು ಮೊದಲ ಬಾವಿಗೆ ಜಗಳವೆಂದೂ ಎರಡನೆಯದಕ್ಕೆ ಹಗೆಯೆಂದೂ ಹೆಸರಿಟ್ಟು ಮುಂದೆ ಹೋಗುತ್ತಾನೆ. ಮೂರನೆಯದಕ್ಕೆ ವಿಶಾಲ ಸ್ಥಳವೆಂಬ ಅರ್ಥದ ರೆಹೋಬೋತ್ ಎಂದು ಹೆಸರಿಡುತ್ತಾನೆ. ನಾವು ಇದನ್ನು ತಾಳ್ಮೆಯ ಪಾಠವೆಂದೇ ಬಹುಕಾಲ ಬೋಧಿಸಿದೆವು. ಆದರೆ ಭದ್ರೆಯ ಕೊನೆಭಾಗದ ರೈತನಿಗೆ ಮುಂದೆ ಹೋಗಿ ತೋಡಲು ಮೂರನೆಯ ಬಾವಿ ಎಲ್ಲಿದೆ? ಆತನಿಗೆ ಬೇಕಾದುದು ಅದೇ ಅಧ್ಯಾಯದ ಕೊನೆಯ ಭಾಗ: ಅಬೀಮೆಲೆಕನು ತಾನೇ ಇಸಾಕನಲ್ಲಿಗೆ ಬಂದದ್ದು, ಇಸಾಕನು ದ್ವೇಷಿಸಿದವರು ಈಗೇಕೆ ಬಂದಿರೆಂದು ನೇರವಾಗಿ ಕೇಳಿದ್ದು, ಆಮೇಲೆ ಕೂಡಿ ಉಂಡು ಮರುದಿನ ಬೆಳಗ್ಗೆ ಪ್ರಮಾಣಪೂರ್ವಕ ಒಪ್ಪಂದ ಮಾಡಿಕೊಂಡದ್ದು. ಪ್ರಭು ಯೇಸುವೂ ಸಂತ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಮೊದಲು ಇಬ್ಬರೇ, ಬಳಿಕ ಸಾಕ್ಷಿಗಳೊಡನೆ, ಆಮೇಲೆ ಸಭೆಯ ಮುಂದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ದಾರಿ ತೋರಿಸುತ್ತಾರೆ. ನಾವು ಅಂದು ಮೊದಲೆರಡು ಮೆಟ್ಟಿಲುಗಳನ್ನು ಹಾರಿ ನೇರವಾಗಿ ಬಲಿಪೀಠಕ್ಕೆ ಓಡಿದ್ದೆವು.

ಆದಕಾರಣ ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಸಲಹೆಯ ಜೊತೆಗೆ ನಮ್ಮದೊಂದು ಸಣ್ಣ ಸಲಹೆಯನ್ನೂ ಸೇರಿಸಿಕೊಳ್ಳಿರಿ. ಮುಂದಿನ ಬಾರಿ ನಾಲೆಗೆ ನೀರು ಬಿಟ್ಟ ದಿನದಿಂದ ನಮ್ಮವರು ಹೆಚ್ಚಾಗಿರುವ ಎರಡು ತೂಬುಗಳಲ್ಲಿ ಒಂದೊಂದು ದಪ್ಪ ನೋಟ್‌ಬುಕ್ ಇಡೋಣ. ನೀರು ಬಂದ ಗಂಟೆ, ನಿಂತ ಗಂಟೆ, ಅಳತೆಪಟ್ಟಿಯ ಮಟ್ಟ, ಯಾರ ಸರದಿ, ಇಷ್ಟೇ ಬರೆದರೆ ಸಾಕು. ಮೇಲ್ಭಾಗದ ತೂಬಿನ ಪುಸ್ತಕವನ್ನು ಕೊನೆಭಾಗದವರೂ ಕೊನೆಭಾಗದ್ದನ್ನು ಮೇಲ್ಭಾಗದವರೂ ಬರೆಯಲಿ. ಹದಿನೈದು ದಿನಗಳಿಗೊಮ್ಮೆ ಅದನ್ನು ದೇವಾಲಯದ ಒಳಗಲ್ಲ, ಹೊರಜಗಲಿಯ ಮೇಲೆ ಓದಿಸೋಣ. ಲಿಂಗಾಯತರು, ಮುಸಲ್ಮಾನರು, ದಲಿತರು ಎಲ್ಲರೂ ಬರಲಿ, ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂರಲಿ. ಉಪಗ್ರಹದ ಆ ವರದಿಯ ನಮ್ಮ ತೂಬುಗಳಿಗೆ ಸಂಬಂಧಿಸಿದ ಭಾಗವನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ. ದಾವಣಗೆರೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಅಧ್ಯಯನಕ್ಕೆ ಬರುವುದಾದರೆ ಸ್ವಾಗತ. ಒಂದೇ ಷರತ್ತು, ಬರೆದುದನ್ನು ಹಿಂದಿರುಗಿ ಬಂದು ಈ ಜಗಲಿಯ ಮೇಲೆ ಓದಿ ಹೇಳಬೇಕು.

ಮೊನ್ನೆ ಆ ಹಳೆಯ ಊರಿನಿಂದ ಒಬ್ಬ ಮಧ್ಯವಯಸ್ಕ ನಮ್ಮನ್ನು ನೋಡಲು ಬಂದಿದ್ದ. ಎಡಗೈಯಿಂದ ನಮ್ಮ ಕೈ ಮುಟ್ಟಿದಾಗಲೇ ಯಾರೆಂದು ತಿಳಿಯಿತು. ಅವನ ಮಗಳು ಈ ಸುತ್ತಿನ ಊರಿಗೆ ಸೊಸೆಯಾಗಿ ಬಂದಿದ್ದಾಳೆ. ಈ ಯೋಜನೆಯನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, ‘ರಾತ್ರಿ ಸರದಿಯನ್ನು ಯಾರು ಬರೀತಾರೆ ಸ್ವಾಮಿ?’ ಎಂದಷ್ಟೇ ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಪುಸ್ತಕಗಳು ಆಗಲೇ ಬಂದಿವೆ, ಈ ಮೇಜಿನ ಮೇಲಿವೆ. ರಾತ್ರಿ ಸರದಿಗೆ ಹೆಸರು ಕೊಡುವವರು ಸಭೆ ಮುಗಿದ ಮೇಲೆ ದಯವಿಟ್ಟು ಇಲ್ಲೇ ಉಳಿಯಿರಿ.